ಸಂಘದ ಸಭೆಯಲ್ಲಿ ಇಬ್ಬರೇ ಮಾತಾಡುತ್ತಾರೆ, ಏನು ಮಾಡಲಿ?

ಪ್ರಶ್ನೆ: ನಮ್ಮ ಸ್ವಸಹಾಯ ಸಂಘದಲ್ಲಿ 14 ಜನ. ಈ ವರ್ಷ ನಾನೇ ಪ್ರತಿನಿಧಿ. ಸೋಮವಾರದ ಸಭೆಯಲ್ಲಿ ಸಾಲದ ಮಾತು ಬಂದಾಗ ಇಬ್ಬರೇ ಮಾತಾಡುತ್ತಾರೆ. ಉಳಿದವರು ಸುಮ್ನೆ ತಲೆಯಾಡಿಸಿ, ಆಮೇಲೆ ನಲ್ಲಿ ಹತ್ತಿರ ಬೇಜಾರು ಹೇಳಿಕೊಳ್ಳುತ್ತಾರೆ.

ಉತ್ತರ 1: ಗೋಡೆಗೆ ಒರಗಿ ಸಾಲಾಗಿ ಕೂರುತ್ತೀರಾ? ದುಂಡಗೆ ಕೂರಿ. ನಾನಂತೂ ಕೊನೆಗೇ ಮಾತಾಡುತ್ತೇನೆ. ಮೊದಲೇ ಹೇಳಿದರೆ ಎಲ್ಲರೂ 'ನೀವು ಹೇಳಿದ್ದೇ ಸರಿ ಅಕ್ಕ' ಅಂದುಬಿಡುತ್ತಾರೆ, ಅಲ್ವಾ?

ಉತ್ತರ 2: ಸಭೆಯ ತೀರ್ಮಾನ ಬರೆಯುವ ನಡಾವಳಿ ಪುಸ್ತಕವನ್ನು ಗಟ್ಟಿಯಾಗಿ ಓದಿ, ಆಮೇಲೆ ಸಹಿ ಹಾಕಿಸಿ. ಸಾಲ ಕೊಡುವ ಮೊದಲು ಬ್ಯಾಂಕಿನವರೂ ಅದನ್ನು ನೋಡುತ್ತಾರೆ. ನಮ್ಮಲ್ಲಿ ನಾಲ್ವರಿಗೆ ಓದು ಬಾರದು. ಕೇಳಿಸದೆ ಹೆಬ್ಬೆಟ್ಟು ಒತ್ತಿಸುವುದು ಅವರಿಗೆ ಅವಮಾನ.

ಪ್ರಶ್ನೆ ಕೇಳಿದವರು: ಇವತ್ತು ದುಂಡಗೆ ಕೂತೆವು. ಎರಡು ವರ್ಷದಿಂದ ಬಾಯಿ ಬಿಡದವರು ಮೇಕೆ ತರಲು 8,000 ರೂಪಾಯಿ ಕೇಳಿದರು. ನನಗೆ ಕಣ್ಣು ತುಂಬಿ ಬಂತು.