ಕಾನ್ಫರೆನ್ಸ್ ಪೇಪರ್ ಇದ್ದರೆ ಪಿಎಚ್‌ಡಿ ಸೀಟು ಸಿಗುತ್ತದಾ?

ಧಾರವಾಡದ ಎಂ.ಎಸ್ಸಿ:
ನಾನು ಕೆಮಿಸ್ಟ್ರಿ ಎಂ.ಎಸ್ಸಿ ಕೊನೆಯ ವರ್ಷದಲ್ಲಿದ್ದೇನೆ. ಹೊಂಗೆ ಎಲೆಯ ರಸ ಬಳಸಿ ಜಿಂಕ್ ಆಕ್ಸೈಡ್ ನ್ಯಾನೋಕಣ ಮಾಡಿದ್ದೇನೆ. ಬಿಸಿಲಲ್ಲಿ ಅದು ಮಿಥಿಲೀನ್ ಬ್ಲೂ ಬಣ್ಣವನ್ನು ಎಷ್ಟು ಬೇಗ ಕಳೆಯುತ್ತದೆ ಅಂತ ನೋಡುವುದೇ ನನ್ನ ಪ್ರಾಜೆಕ್ಟ್. ಬೆಂಗಳೂರಿನ ಸಂಶೋಧನಾ ಸಂಸ್ಥೆಗಳಾದ ಐಐಎಸ್‌ಸಿ, ಜೆಎನ್‌ಸಿಎಎಸ್‌ಆರ್ ಮತ್ತು ಅಮೆರಿಕದ ಎರಡು ಯೂನಿವರ್ಸಿಟಿಗೆ ಪಿಎಚ್‌ಡಿ ಅರ್ಜಿ ಹಾಕಬೇಕು ಅಂತಿದೆ. ಈಗ ಒಂದು 'ಅಂತರರಾಷ್ಟ್ರೀಯ' ಕಾನ್ಫರೆನ್ಸ್‌ಗೆ ಅಬ್‌ಸ್ಟ್ರಾಕ್ಟ್ (ಕೆಲಸದ ಸಾರಾಂಶ) ಕಳಿಸಿದ್ದೆ. ಮೂರೇ ದಿನಕ್ಕೆ ಒಪ್ಪಿದ್ದೇವೆ ಅಂತ ಮೇಲ್ ಬಂತು. ನೋಂದಣಿಗೆ 6,500 ರೂಪಾಯಿ. ಕೇಳಿದರೆ ಅಪ್ಪ ಕೊಡುತ್ತಾರೆ, ಆದರೆ ಈ ಸಲ ಹೆಸರು ಬೆಳೆ ಮಳೆಗೆ ಹಾಳಾಗಿದೆ. ಪ್ರಾಜೆಕ್ಟ್ ಗೈಡ್ ಮಾತ್ರ ದುಡ್ಡು ಕಟ್ಟು, ಬಯೋಡೇಟಾದಲ್ಲಿ ಒಂದು ಪೇಪರ್ ಇರಲಿ ಅನ್ನುತ್ತಾರೆ. ನಿಜವಾಗಿಯೂ ಉಪಯೋಗ ಇದೆಯಾ?

ಬೆಂಗಳೂರು ಎಂ.ಎಲ್:
ಖಂಡಿತ ಇದೆ. ನಮ್ಮ ಕಂಪ್ಯೂಟರ್ ಸೈನ್ಸ್‌ನಲ್ಲಿ ಕಾನ್ಫರೆನ್ಸ್ ಪೇಪರೇ ಎಲ್ಲ. ಜರ್ನಲ್‌ಗೆ ಯಾರೂ ಅಷ್ಟು ಕಾಯುವುದಿಲ್ಲ. ಮಷೀನ್ ಲರ್ನಿಂಗ್‌ನ (ಎಂ.ಎಲ್) ದೊಡ್ಡ ಕಾನ್ಫರೆನ್ಸ್ ನ್ಯೂರಿಪ್ಸ್‌ಗೆ 2023ರಲ್ಲಿ 12,000ಕ್ಕೂ ಜಾಸ್ತಿ ಪೇಪರ್ ಬಂದವು, ಆಯ್ಕೆಯಾಗಿದ್ದು ನೂರಕ್ಕೆ ಸುಮಾರು 26. ಅಂಥ ಒಂದು ಪೇಪರ್ ಇದ್ದವರ ಅರ್ಜಿಯನ್ನು ಯಾರೂ ಪಕ್ಕಕ್ಕೆ ಇಡುವುದಿಲ್ಲ. ದುಡ್ಡಿನ ಮುಖ ನೋಡಬೇಡಿ, ಹಾಕಿ.

ಅಮೆರಿಕದಲ್ಲಿರುವ ಕೆಮಿಸ್ಟ್:
ಅಣ್ಣಾ, ನಿಮ್ಮ ವಿಷಯದ ಲೆಕ್ಕ ಬೇರೆ, ಅವಳದ್ದು ಬೇರೆ. ನೀವು ಹೇಳುವ ಕಡೆ ಮೂರ್ನಾಲ್ಕು ಜನ ಇಡೀ ಪೇಪರ್ ಓದಿ ತಪ್ಪು ಹುಡುಕುತ್ತಾರೆ. ಕೆಮಿಸ್ಟ್ರಿ, ಫಿಸಿಕ್ಸ್‌ನಲ್ಲಿ ಕಾನ್ಫರೆನ್ಸ್ ಅಂದರೆ ಒಂದು ಪೋಸ್ಟರ್, ಇಲ್ಲವೇ ಹತ್ತು ನಿಮಿಷದ ಮಾತು. ಅಮೆರಿಕನ್ ಫಿಸಿಕಲ್ ಸೊಸೈಟಿಯ ಮಾರ್ಚ್ ಸಭೆಗೆ ಕಳಿಸಿದ ಅಬ್‌ಸ್ಟ್ರಾಕ್ಟ್‌ಗಳಲ್ಲಿ ಹೆಚ್ಚು ಕಡಿಮೆ ಎಲ್ಲಕ್ಕೂ ಜಾಗ ಸಿಗುತ್ತದೆ. ಅದು ತಪ್ಪೇನಲ್ಲ, ಜನ ಸೇರಿ ಮಾತಾಡಲಿ ಅಂತಲೇ ಇರುವ ಸಭೆ. ಆದರೆ ಅದನ್ನು 'ಪ್ರಕಟಣೆ' ಅಂತ ಬಯೋಡೇಟಾದಲ್ಲಿ ಬರೆದರೆ ಓದುವವರಿಗೆ ತಕ್ಷಣ ಗೊತ್ತಾಗುತ್ತದೆ.

ಮೂರು ದಿನದಲ್ಲಿ ಒಪ್ಪಿ ದುಡ್ಡು ಕೇಳುವವರ ಬಗ್ಗೆ ನನಗೆ ನಿಜಕ್ಕೂ ಸಿಟ್ಟಿದೆ. 2005ರಲ್ಲಿ ಅಮೆರಿಕದ ಎಂಐಟಿಯ ಮೂವರು ವಿದ್ಯಾರ್ಥಿಗಳು ಸೈಜೆನ್ ಅಂತ ಒಂದು ಪ್ರೋಗ್ರಾಂ ಬರೆದರು. ಅರ್ಥವಿಲ್ಲದ ವಾಕ್ಯಗಳನ್ನು ಜೋಡಿಸಿ ಪೇಪರ್ ಮಾಡಿಕೊಡುವ ಪ್ರೋಗ್ರಾಂ. ಅದರ ಒಂದು ಪೇಪರನ್ನು ಒಂದು ಕಾನ್ಫರೆನ್ಸ್ ಒಪ್ಪಿಯೂ ಬಿಟ್ಟಿತು. 2014ರಲ್ಲಿ ಸ್ಪ್ರಿಂಗರ್ ಮತ್ತು ಐಟ್ರಿಪಲ್‌ಇ ಅನ್ನುವ ದೊಡ್ಡ ಪ್ರಕಾಶಕರು ಒಟ್ಟು ಅಂಥ 120ಕ್ಕೂ ಹೆಚ್ಚು ಪೇಪರ್ ತೆಗೆದುಹಾಕಬೇಕಾಯಿತು. ತಂಗಿ, ಆ 6,500ಕ್ಕೆ ಇಲ್ಲಿನ ಒಂದು ಯೂನಿವರ್ಸಿಟಿಯ ಅರ್ಜಿ ಶುಲ್ಕವನ್ನೇ ಕಟ್ಟಬಹುದು. ಕೇಳಿಕೊಂಡರೆ ಆ ಶುಲ್ಕ ಬಿಡುವ ಕಡೆಗಳೂ ಇವೆ. ಇಲ್ಲಿ ಮೊದಲು ನೋಡುವುದು ಮೂರು ಶಿಫಾರಸು ಪತ್ರ. ನಿನ್ನ ಕೆಲಸ ಹತ್ತಿರದಿಂದ ಕಂಡವರು ಏನು ಬರೆಯುತ್ತಾರೆ, ಅದೇ ಮುಖ್ಯ.

ಹಳೇ ಜೆಆರ್‌ಎಫ್:
ಭಾರತದ ಲೆಕ್ಕ ನಾನು ಹೇಳುತ್ತೇನೆ. ಗೇಟ್ ಪರೀಕ್ಷೆ ಪಾಸಾಗಿದ್ದರೆ, ಇಲ್ಲವೇ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಸಂಶೋಧನೆಗೆ ಕೊಡುವ ಫೆಲೋಶಿಪ್) ಸಿಕ್ಕಿದ್ದರೆ ಸಂದರ್ಶನದ ಬಾಗಿಲು ತೆರೆಯುತ್ತದೆ. 2024ರಿಂದ ನೆಟ್ ಅಂಕದ ಮೇಲೆ ಪಿಎಚ್‌ಡಿಗೆ ತೆಗೆದುಕೊಳ್ಳುವ ಕಡೆ ಆ ಅಂಕಕ್ಕೆ 70, ಸಂದರ್ಶನಕ್ಕೆ 30. ಇದರಲ್ಲಿ ಪೇಪರ್‌ಗೆ ಅಂತ ಬೇರೆ ಅಂಕ ಇಲ್ಲ.

ನನ್ನ ಸಂದರ್ಶನದಲ್ಲಿ ಆದದ್ದು ಹೇಳುತ್ತೇನೆ. ನನ್ನದೂ ಬಣ್ಣ ಕಳೆಯುವ ಪ್ರಾಜೆಕ್ಟೇ. ಎರಡು ಕಾನ್ಫರೆನ್ಸ್ ಪೇಪರನ್ನು ಬಯೋಡೇಟಾದ ಮೇಲುಗಡೆಯೇ ಬರೆದಿದ್ದೆ. ಒಬ್ಬರು ಕನ್ನಡಕ ತೆಗೆದಿಟ್ಟು ಕೇಳಿದರು: "ಪುಡಿ ಹಾಕದೆ ಬರೀ ಬಣ್ಣದ ನೀರನ್ನು ಬಿಸಿಲಲ್ಲಿ ಇಟ್ಟು ನೋಡಿದ್ದೀಯಾ?" ಇಲ್ಲ ಅಂದೆ. "ಮಿಥಿಲೀನ್ ಬ್ಲೂ ಬಿಸಿಲಿಗೆ ತಾನೇ ಸ್ವಲ್ಪ ಮಾಸುತ್ತದೆ ಅಲ್ವಾ? ಹಾಗಾದರೆ ಈ ಗ್ರಾಫ್‌ನಲ್ಲಿ ನಿನ್ನ ಪುಡಿಯ ಪಾಲು ಎಷ್ಟು?" ಬೋರ್ಡ್ ಮುಂದೆ ಸೀಮೆಸುಣ್ಣ ಹಿಡಿದು ನಿಂತೇ ಇದ್ದೆ. ಎರಡು ಕಾನ್ಫರೆನ್ಸ್‌ನಲ್ಲೂ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಆ ವರ್ಷ ಸೀಟು ಸಿಗಲಿಲ್ಲ.

ತಾಲೂಕು ಕಾಲೇಜಿನ ಮೇಷ್ಟ್ರು:
ನೀವು ಹೇಳುವುದೆಲ್ಲ ಸರಿ. ಆದರೂ ನನಗೆ ಒಂದು ಮಾತು ಚುಚ್ಚುತ್ತದೆ. "ಪತ್ರವೇ ಮುಖ್ಯ" ಅನ್ನುತ್ತೀರಿ. ನಮ್ಮ ಮಕ್ಕಳಿಗೆ ಪತ್ರ ಯಾರು ಬರೆಯಬೇಕು? ನಾನು ಬರೆದರೆ ನನ್ನ ಹೆಸರು ಯಾರಿಗೆ ಗೊತ್ತು? ದೊಡ್ಡ ಊರಿನ ದೊಡ್ಡ ಸಂಸ್ಥೆಯಲ್ಲಿ ಓದಿದವರಿಗೆ ಕಾನ್ಫರೆನ್ಸ್ ಬೇಡ ಅನ್ನುವುದು ಸುಲಭ. ನಮ್ಮವರಿಗೆ ಹೊರಗಿನವರ ಕಣ್ಣಿಗೆ ಬೀಳಲು ಇರುವ ದಾರಿ ಅದೊಂದೇ.

ನಾಲ್ಕು ವರ್ಷದ ಹಿಂದಿನ ಮಾತು. ವಿಶ್ವವಿದ್ಯಾಲಯದಲ್ಲಿ ಎರಡು ದಿನದ ಸಮ್ಮೇಳನ, ವಿದ್ಯಾರ್ಥಿಗಳಿಗೆ 300 ರೂಪಾಯಿ. ನಮ್ಮ ಒಬ್ಬ ಹುಡುಗನ ಪೋಸ್ಟರನ್ನು ಊರಿನ ಬ್ಯಾನರ್ ಅಂಗಡಿಯಲ್ಲೇ ಫ್ಲೆಕ್ಸ್ ಹಾಕಿಸಿದೆವು. ಜಾತ್ರೆಯ ಬ್ಯಾನರ್ ಮುಗಿಯುವ ತನಕ ಕಾದು, ರಾತ್ರಿ ಹತ್ತಕ್ಕೆ ತಂದೆವು. ಸುಕ್ಕಾಗಬಾರದು ಅಂತ ಬಸ್ಸಿನಲ್ಲಿ ಸುರುಳಿಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಹೋದ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಹೊರಗಿನಿಂದ ಬಂದಿದ್ದ ಒಬ್ಬ ವಿಜ್ಞಾನಿ ಅವನ ಮುಂದೆ ನಿಂತರು. "ಈ ಎಕ್ಸ್‌ಆರ್‌ಡಿ ಪೀಕ್ ಯಾಕೆ ಇಷ್ಟು ಅಗಲ?" ಅಂದರು. ಎಕ್ಸ್‌ಆರ್‌ಡಿ ಅಂದರೆ ಎಕ್ಸ್-ರೇ ಹಾಯಿಸಿ ಹರಳಿನ ರಚನೆ ನೋಡುವ ಪರೀಕ್ಷೆ, ಅದರ ಗ್ರಾಫ್‌ನಲ್ಲಿ ಏಳುವ ಶಿಖರವೇ ಪೀಕ್. ಕಣ ಚಿಕ್ಕದು ಸರ್ ಅಂದ. "ಬೇರೆ ಕಾರಣ?" ಅವನಿಗೆ ಹೊಳೆಯಲಿಲ್ಲ. ರಾತ್ರಿ ಕೂತು ಓದಿದ. ಮರುದಿನ ಬೆಳಿಗ್ಗೆ ತಿಂಡಿಯ ಸಾಲಿನಲ್ಲಿ ಅವರನ್ನು ಹುಡುಕಿ ಹೇಳಿದ, ಉಪಕರಣದಿಂದಲೂ ಪೀಕ್ ಅಗಲವಾಗುತ್ತದೆ, ಹರಳಿನ ಒಳಗಿನ ಎಳೆತದಿಂದಲೂ ಆಗುತ್ತದೆ ಅಂತ. ಆ ಬೇಸಿಗೆಗೆ ಅವರೇ ಎರಡು ತಿಂಗಳು ತಮ್ಮ ಲ್ಯಾಬ್‌ಗೆ ಕರೆಸಿಕೊಂಡರು. ಆಮೇಲೆ ಅವನಿಗೆ ಪತ್ರ ಬರೆದವರೂ ಅವರೇ.

ಸಭೆಯನ್ನು ಹಗುರವಾಗಿ ನೋಡಬೇಡಿ. ರಾಮನ್ ತಮ್ಮ ಹೊಸ ಬೆಳಕಿನ ವಿಷಯ ವಿವರವಾಗಿ ಹೇಳಿದ್ದು 1928ರ ಮಾರ್ಚ್ 16ರಂದು, ನಮ್ಮ ಬೆಂಗಳೂರಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ.

ಅಮೆರಿಕದಲ್ಲಿರುವ ಕೆಮಿಸ್ಟ್:
ಸರ್, ಹೌದು. ನಾನು ಪತ್ರದ ಮಾತು ಹೇಳುವಾಗ ಈ ಕಡೆ ಯೋಚಿಸಿರಲಿಲ್ಲ. ಆದರೆ ಆ ಹುಡುಗನಿಗೆ ದಾರಿ ಮಾಡಿದ್ದು ಸರ್ಟಿಫಿಕೇಟ್ ಅಲ್ಲ, ಅವರು ಕೇಳಿದ ಪ್ರಶ್ನೆ. ಈಗ ತಂಗಿಗೆ ಬಂದಿರುವ ಕಾನ್ಫರೆನ್ಸ್‌ನಲ್ಲಿ ಹಾಗೆ ಕೇಳುವವರು ಇದ್ದಾರಾ? ಕಾರ್ಯಕ್ರಮ ಪಟ್ಟಿ ನೋಡಲಿ. ರಸಾಯನಶಾಸ್ತ್ರ, ಮ್ಯಾನೇಜ್‌ಮೆಂಟ್, ನರ್ಸಿಂಗ್ ಎಲ್ಲ ಒಂದೇ ದಿನ, ಒಂದೇ ಹಾಲ್‌ನಲ್ಲಿ ಇದ್ದರೆ ಬೇಡ.

ಧಾರವಾಡದ ಎಂ.ಎಸ್ಸಿ:
ಈಗ ನೋಡಿದೆ ಅಕ್ಕ. ನೀವು ಹೇಳಿದ ಹಾಗೇ ಇದೆ. ಅದೂ ಆನ್‌ಲೈನ್, ಒಬ್ಬೊಬ್ಬರಿಗೆ ಐದು ನಿಮಿಷ. ಆದರೆ ಗೈಡ್ ಯಾಕೆ ಅಷ್ಟು ಒತ್ತಾಯ ಮಾಡುತ್ತಾರೆ?

ತಾಲೂಕು ಕಾಲೇಜಿನ ಮೇಷ್ಟ್ರು:
ಅವರ ಮೇಲೆ ಬೇಜಾರಾಗಬೇಡಮ್ಮ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನವರು ಒಬ್ಬ ಅಧ್ಯಾಪಕರಿಗೆ ಎಷ್ಟು ಪೇಪರ್ ಅಂತ ಲೆಕ್ಕ ಕೇಳುತ್ತಾರೆ, ಕಾನ್ಫರೆನ್ಸ್ ಪೇಪರೂ ಅದರಲ್ಲಿ ಬರುತ್ತದೆ. ಆ ಒತ್ತಡ ನಮ್ಮ ಮೇಲೆ, ನಮ್ಮಿಂದ ನಿಮ್ಮ ಮೇಲೆ. ನಾನೂ ಹಿಂದೆ ಮಕ್ಕಳ ಕೈಯಲ್ಲಿ ಹಾಗೆ ದುಡ್ಡು ಕಟ್ಟಿಸಿದ್ದೇನೆ. ಕಟ್ಟಿಸಬಾರದಿತ್ತು. ಗೈಡ್ ಹತ್ತಿರ ಹೋಗಿ, ಸರ್, ಇನ್ನೊಂದು ಪ್ರಯೋಗ ಮುಗಿಸಿ ಒಳ್ಳೆ ಕಡೆ ಕಳಿಸೋಣ ಅಂತ ಕೇಳು. ಬೇಡ ಅನ್ನಲಾರರು.

ಬೆಂಗಳೂರು ಎಂ.ಎಲ್:
ನಾನು ಅವಸರದಲ್ಲಿ ಹೇಳಿಬಿಟ್ಟೆ, ಕ್ಷಮಿಸಿ. ನಮ್ಮಲ್ಲೂ ಆಯ್ಕೆ ಅನ್ನುವುದು ಕಲ್ಲಿನ ಮೇಲಿನ ಗೆರೆಯಲ್ಲ. 2014ರಲ್ಲಿ ಇದೇ ನ್ಯೂರಿಪ್ಸ್‌ನವರು 166 ಪೇಪರನ್ನು ಎರಡು ಬೇರೆ ಬೇರೆ ತಂಡಕ್ಕೆ ಕೊಟ್ಟು ನೋಡಿದರು. ಒಂದು ತಂಡ ಒಪ್ಪಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಪೇಪರನ್ನು ಇನ್ನೊಂದು ತಂಡ ಬೇಡ ಅಂದಿತ್ತು. ಪೇಪರ್ ಸಿಗಲಿಲ್ಲ ಅಂತ ಯಾರೂ ಕುಗ್ಗಬೇಕಾಗಿಲ್ಲ.

ಹಳೇ ಜೆಆರ್‌ಎಫ್:
ಇನ್ನೊಂದು ದಾರಿ ಇದೆ. ಬೆಂಗಳೂರಿನ ವಿಜ್ಞಾನ ಅಕಾಡೆಮಿ ಬೇರೆ ಎರಡು ಅಕಾಡೆಮಿ ಜೊತೆ ಸೇರಿ ಬೇಸಿಗೆ ಫೆಲೋಶಿಪ್ ಕೊಡುತ್ತದೆ. ಎರಡು ತಿಂಗಳು ಒಂದು ಲ್ಯಾಬ್‌ನಲ್ಲಿ ಕೆಲಸ, ಕೈಗೆ ಸ್ವಲ್ಪ ದುಡ್ಡೂ ಬರುತ್ತದೆ. ಮೇಷ್ಟ್ರೇ, ನಿಮ್ಮ ಕಾಲೇಜಿನ ನೋಟಿಸ್ ಬೋರ್ಡ್‌ಗೂ ಹಾಕಿ. ಅಧ್ಯಾಪಕರಿಗೂ ಅದರಲ್ಲಿ ಜಾಗ ಇದೆ.

ಧಾರವಾಡದ ಎಂ.ಎಸ್ಸಿ:
ಎಲ್ಲರಿಗೂ ಧನ್ಯವಾದ. ದುಡ್ಡು ಕಟ್ಟುವುದಿಲ್ಲ ಅಂತ ಅಪ್ಪನಿಗೆ ಈಗಷ್ಟೇ ಫೋನ್ ಮಾಡಿದೆ. ಸತ್ಯ ಹೇಳಬೇಕೆಂದರೆ ಪುಡಿ ಹಾಕದ ಬೀಕರ್ ನಾನೂ ಇಟ್ಟಿಲ್ಲ. ಅದೊಂದೇ ಸಾಕಾ ಅಣ್ಣ?

ಹಳೇ ಜೆಆರ್‌ಎಫ್:
ಸಾಲದು. ಮೂರು ಬೀಕರ್ ಇಡು. ಒಂದರಲ್ಲಿ ಬರೀ ಬಣ್ಣದ ನೀರು, ಬಿಸಿಲಿಗೆ. ಎರಡನೆಯದರಲ್ಲಿ ಪುಡಿ ಹಾಕು, ಆದರೆ ಸುತ್ತಲೂ ಅಲ್ಯೂಮಿನಿಯಂ ಫಾಯಿಲ್ ಸುತ್ತಿ ಕತ್ತಲಲ್ಲಿ ಇಡು, ಬಣ್ಣ ಸುಮ್ನೆ ಪುಡಿಗೆ ಅಂಟಿಕೊಳ್ಳುವುದು ಎಷ್ಟು ಅಂತ ತಿಳಿಯುತ್ತದೆ. ಮೂರನೆಯದು ನಿನ್ನ ಮಾಮೂಲಿ ಪ್ರಯೋಗ, ಆದರೆ ಬಿಸಿಲಿಗೆ ಇಡುವ ಮೊದಲು ಅದನ್ನೂ ಅರ್ಧ ಗಂಟೆ ಕತ್ತಲಲ್ಲಿ ಕಲಕು. ಮೂರನ್ನೂ ಒಂದೇ ಹೊತ್ತಿಗೆ ತೆಗೆದು, ಬಣ್ಣ ಎಷ್ಟು ಉಳಿದಿದೆ ಅಂತ 664 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ ಓದು.

ಧಾರವಾಡದ ಎಂ.ಎಸ್ಸಿ:
ಸೋಮವಾರ ಮೋಡ ಇಲ್ಲದಿದ್ದರೆ ಹತ್ತು ಗಂಟೆಗೆ ಟೆರೇಸ್ ಮೇಲೆ ಇಡುತ್ತೇನೆ. ಸಂಜೆ ಗ್ರಾಫ್ ಇಲ್ಲೇ ಹಾಕುತ್ತೇನೆ, ನೋಡಿ ಹೇಳಿ.