ಬೂಷ್ಟು ಹಿಡಿದ ಮದುವೆಯ ವಿಡಿಯೋ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ

ನಮಸ್ಕಾರ. ತೀರ್ಥಹಳ್ಳಿಯ ಸಮೀಪದ ನಮ್ಮ ಮನೆಯ ಅಟ್ಟದಲ್ಲಿ, 1993ರಲ್ಲಿ ನಡೆದ ಅಕ್ಕನ ಮದುವೆಯ ಮೂರು ವಿ.ಎಚ್.ಎಸ್. ಕ್ಯಾಸೆಟ್‌ಗಳು ಸಿಕ್ಕಿವೆ. ಒಂದರ ಮೇಲೆ ಸ್ಟುಡಿಯೋದವರ ಬಣ್ಣದ ಚೀಟಿ ಅಂಟಿಸಿದೆ; ಉಳಿದೆರಡರ ಮೇಲೆ ಪೆನ್ನಿನಲ್ಲಿ ಬರೆದ ದಿನಾಂಕ ಮಾತ್ರ ಇದೆ. ಆ ಮದುವೆಯಲ್ಲಿ ನಮ್ಮ ಅಜ್ಜಿ ಹಸೆಗೆ ಕರೆಯುವ ಹಾಡನ್ನು ಹೇಳಿದ್ದರು. ಅವರು ತೀರಿಕೊಂಡು ಬಹಳ ವರ್ಷಗಳಾದವು. ಅವರ ದನಿ ಬೇರೆಲ್ಲಿಯೂ ದಾಖಲಾಗಿಲ್ಲ. ಪರಿಚಯದವರ ಮನೆಯಲ್ಲಿ ಕ್ಯಾಸೆಟ್ ಓಡಿಸುವ ವಿ.ಸಿ.ಆರ್. ಯಂತ್ರ ಇನ್ನೂ ಕೆಲಸ ಮಾಡುತ್ತಿದೆ, ಅದರ ಚಿತ್ರ-ಶಬ್ದವನ್ನು ಕಂಪ್ಯೂಟರಿಗೆ ದಾಟಿಸುವ ಯು.ಎಸ್.ಬಿ. ಕ್ಯಾಪ್ಚರ್ ಸಾಧನವೊಂದನ್ನೂ ಕೊಂಡಿದ್ದೇನೆ. ಆದರೆ ಕ್ಯಾಸೆಟ್‌ನ ಕಿಟಕಿಯಿಂದ ನೋಡಿದರೆ ಟೇಪಿನ ಸುರುಳಿಯ ಅಂಚಿನಲ್ಲಿ ಬಿಳಿ ಪುಡಿಯಂಥದ್ದು ಕಾಣುತ್ತಿದೆ. ಹಾಗೆಯೇ ಹಾಕಿ ಓಡಿಸಬಹುದೇ? ಕಂಪ್ಯೂಟರಿನಲ್ಲಿ ಯಾವ ಸೆಟ್ಟಿಂಗ್ ಇಟ್ಟುಕೊಳ್ಳಬೇಕು?

ಮೊದಲ ಉತ್ತರ

ದಯವಿಟ್ಟು ಈಗಲೇ ಓಡಿಸಬೇಡಿ. ನೀವು ನೋಡಿದ್ದು ಬೂಷ್ಟು; ಮಲೆನಾಡಿನ ಮಳೆಗಾಲದಲ್ಲಿ ಅಟ್ಟದ ಮೇಲಿದ್ದ ಕ್ಯಾಸೆಟ್‌ಗಳಿಗೆ ಅದು ಹಿಡಿಯದೆ ಇರುವುದೇ ಅಪರೂಪ. ನಮ್ಮಲ್ಲಿ ಬಳಕೆಯಲ್ಲಿದ್ದ ಪಾಲ್ ಎಂಬ ಟಿ.ವಿ. ಪದ್ಧತಿಯ ವಿ.ಸಿ.ಆರ್.ನಲ್ಲಿ, ಟೇಪಿನಿಂದ ಚಿತ್ರವನ್ನು ಓದುವ ಹೆಡ್‌ಗಳಿರುವ ಡ್ರಮ್ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಬೂಷ್ಟು ಅಲ್ಲಿ ಮೆತ್ತಿಕೊಂಡರೆ ಚಿತ್ರ ಕೆಡುವುದಲ್ಲದೆ, ಟೇಪು ಅಂಟಿ ಹರಿಯಬಹುದು, ಮುಂದೆ ಹಾಕುವ ಒಳ್ಳೆಯ ಕ್ಯಾಸೆಟ್‌ಗೂ ಸೋಂಕು ದಾಟಬಹುದು.

ಮೊದಲು ಕ್ಯಾಸೆಟ್‌ಗಳನ್ನು ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿಟ್ಟು ಎರಡು ಮೂರು ವಾರ ಒಣಗಲು ಬಿಡಿ. ಬಿಸಿಲಿಗೆ ಇಡಬೇಡಿ. ಪೂರ್ತಿ ಒಣಗಿದ ಮೇಲೆ ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಂಡು, ಮನೆಯ ಹೊರಗೆ ಕುಳಿತು, ಮೆತ್ತನೆಯ ಕುಂಚದಿಂದ ಪುಡಿಯನ್ನು ತೆಗೆಯಿರಿ. ಕ್ಯಾಸೆಟ್‌ನ ತಳದಲ್ಲಿ ಸಾಮಾನ್ಯವಾಗಿ ಐದು ಸ್ಕ್ರೂಗಳಿರುತ್ತವೆ. ಬಿಚ್ಚುವ ಮುನ್ನ ಮತ್ತು ಬಿಚ್ಚಿದ ಕೂಡಲೇ ಫೋಟೋ ತೆಗೆದುಕೊಂಡರೆ ಒಳಗಿನ ಟೇಪಿನ ದಾರಿ ಮರೆತುಹೋಗುವುದಿಲ್ಲ. ಸುರುಳಿಗಳನ್ನು ಸ್ವಚ್ಛವಾದ ಬೇರೊಂದು ಕ್ಯಾಸೆಟ್‌ನ ಕವಚಕ್ಕೆ ಬದಲಾಯಿಸುವುದು ಇನ್ನೂ ಒಳ್ಳೆಯದು. ಬೆನ್ನಿನ ಬದಿಯ ಚಿಕ್ಕ ಪ್ಲಾಸ್ಟಿಕ್ ಪಟ್ಟಿಯನ್ನು ಮುರಿದುಬಿಡಿ. ಆಗ ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಹಳೆಯದು ಅಳಿಸಿಹೋಗುವುದಿಲ್ಲ. ಪದರಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಮಾತ್ರ ನೀವು ಕೈಹಾಕದೆ, ಈ ಕೆಲಸವನ್ನೇ ಮಾಡುವವರಿಗೆ ಒಪ್ಪಿಸಿ.

ಎರಡನೆಯ ಉತ್ತರ

ಸೆಟ್ಟಿಂಗ್ ಕುರಿತು ಹೇಳುತ್ತೇನೆ. ವಿ.ಸಿ.ಆರ್.ನಿಂದ ಕ್ಯಾಪ್ಚರ್ ಸಾಧನಕ್ಕೆ ಜೋಡಿಸುವ ಹಳದಿ ತಂತಿ ಚಿತ್ರಕ್ಕೆ, ಬಿಳಿ ಮತ್ತು ಕೆಂಪು ಶಬ್ದಕ್ಕೆ. ತಂತ್ರಾಂಶದಲ್ಲಿ ಪದ್ಧತಿಯನ್ನು ಪಾಲ್-ಬಿ ಎಂದು ಆರಿಸಿ, ಅಮೆರಿಕದ ಪದ್ಧತಿಯಾದ ಎನ್.ಟಿ.ಎಸ್.ಸಿ. ಎಂದು ಉಳಿದುಹೋದರೆ ಚಿತ್ರ ಕಪ್ಪುಬಿಳುಪಾಗುತ್ತದೆ ಅಥವಾ ಉರುಳುತ್ತದೆ, ಜನ ಟೇಪೇ ಹಾಳಾಗಿದೆಯೆಂದು ತಿಳಿದು ಎಸೆದದ್ದೂ ಉಂಟು. ಅಳತೆ 720×576, ಸೆಕೆಂಡಿಗೆ 25 ಫ್ರೇಮ್ ಇರಲಿ. ಒಂದೊಂದು ಫ್ರೇಮಿನಲ್ಲಿಯೂ ಸಾಲು ಬಿಟ್ಟು ಸಾಲು ಹೆಣೆದ ಎರಡು ಫೀಲ್ಡ್‌ಗಳಿರುತ್ತವೆ. ಇಳಿಸಿಕೊಳ್ಳುವಾಗ ಅದನ್ನು ಬಿಡಿಸಬೇಡಿ, 1080ಕ್ಕೆ ಹಿಗ್ಗಿಸಲೂ ಬೇಡಿ. ವರ್ಚುವಲ್‌ಡಬ್ ಎಂಬ ತಂತ್ರಾಂಶದಲ್ಲಿ, ಗುಣಮಟ್ಟ ಕಳೆಯದೆ ವಿಡಿಯೋವನ್ನು ಕುಗ್ಗಿಸುವ ಹಫ್‌ವೈಯುವಿಯಂತಹ ಕೋಡೆಕ್ ಬಳಸಿದರೆ ಗಂಟೆಗೆ ಸುಮಾರು 30 ಜಿ.ಬಿ. ಜಾಗ ಬೇಕಾಗುತ್ತದೆ, ಆ ಕಡತವೇ ನಿಮ್ಮ ಮೂಲಪ್ರತಿ. ಮನೆಮಂದಿಗೆ ಹಂಚಲು ಆಮೇಲೆ ಅದರಿಂದ ಎಚ್.264 ಎಂಬ ಚಿಕ್ಕ ಗಾತ್ರದ ಪ್ರತಿಯನ್ನು ಮಾಡಿಕೊಳ್ಳಿ. ಆಗ ಫೀಲ್ಡ್‌ಗಳನ್ನು ಬಿಡಿಸಿ ಸೆಕೆಂಡಿಗೆ 50 ಫ್ರೇಮ್ ಮಾಡಿದರೆ ಚಲನೆ ಟಿ.ವಿ.ಯಲ್ಲಿ ಕಂಡಷ್ಟೇ ನಯವಾಗಿರುತ್ತದೆ.

ಚಿತ್ರದ ತಳದಲ್ಲಿ ಕೆಲವು ಸಾಲುಗಳು ಕದಡಿದಂತೆ ಕಂಡರೆ ಗಾಬರಿಪಡಬೇಡಿ, ಅದು ಒಂದು ಹೆಡ್‌ನಿಂದ ಇನ್ನೊಂದು ಹೆಡ್‌ಗೆ ಬದಲಾಗುವ ಜಾಗ, ಹಳೆಯ ಟಿ.ವಿ.ಯಲ್ಲಿ ಪರದೆಯ ಅಂಚಿನಾಚೆ ಅಡಗಿರುತ್ತಿತ್ತು. ಟೇಪು ಓಡುವಷ್ಟೇ ಹೊತ್ತು ಇಳಿಸುವುದಕ್ಕೂ ಬೇಕು; 180 ನಿಮಿಷದ ಇ-180 ಕ್ಯಾಸೆಟ್ ತುಂಬಿದ್ದರೆ ಮೂರು ಗಂಟೆಯೂ ಕಾಯಲೇಬೇಕು.

ಮೂರನೆಯ ಉತ್ತರ

ನಿಮಗೆ ಬೇಕಾದದ್ದು ಅಜ್ಜಿಯ ದನಿ ಎಂದಿರುವುದರಿಂದ ಎರಡು ಮಾತು ಸೇರಿಸುತ್ತೇನೆ. ಆ ಕಾಲದ ಸ್ಟುಡಿಯೋಗಳು ಮಿಕ್ಸಿಂಗ್ ಮಾಡುವಾಗ ಮೂಲ ಶಬ್ದವನ್ನು ತೆಗೆದು ಸಿನಿಮಾ ಹಾಡುಗಳನ್ನು ಕೂಡಿಸುವುದು ವಾಡಿಕೆಯಾಗಿತ್ತು. ಚೀಟಿ ಅಂಟಿಸಿದ ಕ್ಯಾಸೆಟ್ ಅಂಥದ್ದಾಗಿರುವ ಸಂಭವ ಹೆಚ್ಚು. ಹಾಡು ಉಳಿದಿದ್ದರೆ ಪೆನ್ನಿನಲ್ಲಿ ದಿನಾಂಕ ಬರೆದ ಎರಡರಲ್ಲಿ ಉಳಿದಿರಬೇಕು, ಅವನ್ನೇ ಹೆಚ್ಚು ಜೋಪಾನ ಮಾಡಿ. ಇನ್ನೊಂದು, ವಿ.ಎಚ್.ಎಸ್.ನ ಸಾಮಾನ್ಯ ಶಬ್ದದ ಪಟ್ಟಿ ಟೇಪಿನ ಮೇಲಂಚಿನಲ್ಲಿಯೇ ಇರುತ್ತದೆ. ಅಂಚು ಮುದುಡಿದರೆ ಚಿತ್ರ ನೆಟ್ಟಗಿದ್ದರೂ ದನಿ ಹೋಗುತ್ತದೆ. ಆದ್ದರಿಂದ ಕುಂಚವನ್ನು ಅಂಚಿಗೆ ಒತ್ತದೆ, ಹಗುರವಾಗಿ ಆಡಿಸಿ.

ಪ್ರಶ್ನೆ ಕೇಳಿದವರಿಂದ, ಏಳು ವಾರಗಳ ಬಳಿಕ

ಮೂವರಿಗೂ ಕೃತಜ್ಞತೆಗಳು. ಚೀಟಿಯ ಕ್ಯಾಸೆಟ್‌ನಲ್ಲಿ ನೀವು ಹೇಳಿದಂತೆಯೇ ಉದ್ದಕ್ಕೂ ಸಿನಿಮಾ ಹಾಡುಗಳಿದ್ದವು. ಅಜ್ಜಿಯ ತುಟಿ ಅಲುಗುವುದು ಕಾಣುತ್ತದೆ, ದನಿ ಇಲ್ಲ. ದಿನಾಂಕ ಬರೆದವುಗಳಲ್ಲಿ ಒಂದನ್ನು ಒಣಗಿಸಿ, ಹೊಸ ಕವಚಕ್ಕೆ ಬದಲಾಯಿಸಿ, ಪಾಲ್-ಬಿ ಇಟ್ಟು ಇಳಿಸಿಕೊಂಡೆ. ನಡುನಡುವೆ ಗರಗರ ಸದ್ದಿದ್ದರೂ ಹಾಡಿನ ಮೊದಲ ಎರಡು ನುಡಿಗಳು ಸ್ಪಷ್ಟವಾಗಿ ಕೇಳುತ್ತವೆ, ಮೂರನೆಯದು ಓಲಗದ ಸದ್ದಿನಲ್ಲಿ ಮುಳುಗಿದೆ. ಅಮ್ಮ ಅದನ್ನು ಕೇಳಿ, ಮುಳುಗಿಹೋದ ಸಾಲುಗಳನ್ನು ತಾವೇ ನೆನಪಿನಿಂದ ಹೇಳಿ ಬರೆಸಿದರು. ಮೂರನೆಯ ಕ್ಯಾಸೆಟ್‌ನ ಪದರಗಳು ಅಂಟಿಕೊಂಡಿವೆ. ಅದನ್ನು ನಾನು ಮುಟ್ಟಿಲ್ಲ, ಸಿಲಿಕಾ ಜೆಲ್ ಡಬ್ಬಿಯಲ್ಲಿಯೇ ಇಟ್ಟಿದ್ದೇನೆ. ಶಿವಮೊಗ್ಗ ಅಥವಾ ಬೆಂಗಳೂರಿನಲ್ಲಿ ಇಂತಹ ಟೇಪನ್ನು ಬಿಡಿಸಬಲ್ಲವರು ಯಾರಾದರೂ ತಿಳಿದಿದ್ದರೆ ಹೇಳಿ.