ಸಾಕು ಮೊಲದ ಮಾಂಸ ಒಣಗದಂತೆ ಬೇಯಿಸುವುದು ಹೇಗೆ? ತಿಳಿದವರು ಹೇಳಿ

ಭಾನುವಾರ ಎಂಟು ಜನ ಊಟಕ್ಕೆ ಬರುತ್ತಾರೆ. ಫಾರಂನವರು ಎರಡು ಮೊಲ ಶುಚಿ ಮಾಡಿ ಕೊಡುತ್ತೇವೆ ಎಂದಿದ್ದಾರೆ. ಮುದ್ದೆಗೆ ಸಾರು, ಜೊತೆಗೆ ಒಂದು ಡ್ರೈ ಆಗಬೇಕು. ಮೊಲ ಬೇಗ ನಾರಾಗುತ್ತದೆ ಎನ್ನುತ್ತಾರೆ, ಹೌದೆ? ‘ಮೊಲವಾ?’ ಎಂದು ಮುಖ ಸಿಂಡರಿಸುವವರಿಗೆ ಏನು ಹೇಳುವುದು?

ತುಮಕೂರು ಕಡೆಯಿಂದ

ಮೊದಲು ವಯಸ್ಸು ಕೇಳಿಕೊಳ್ಳಿ. ಮೂರು ತಿಂಗಳ ಆಸುಪಾಸಿನ, ಎರಡು ಕೆ.ಜಿ. ದಾಟಿದ ಮೊಲ ಊಟಕ್ಕೆ ಸರಿ. ಅದರಲ್ಲಿ ಮಾಂಸ ಸಿಗುವುದು ತೂಕದ ಅರ್ಧದಷ್ಟು, ಅಂದರೆ ಒಂದೊಂದರಿಂದ ಸುಮಾರು 1.1 ಕೆ.ಜಿ. ಮರಿ ಹಾಕಿ ಹಾಕಿ ದಣಿದ ಹಳೆ ಹೆಣ್ಣುಮೊಲವನ್ನು ತೂಕ ಹೆಚ್ಚೆಂದು ಕೊಟ್ಟರೆ ತೆಗೆದುಕೊಳ್ಳಬೇಡಿ. ಕುಕ್ಕರ್ ಐದು ಕೂಗು ಕೂಗಿದರೂ ಅದು ಗಟ್ಟಿಯೇ.

ಶನಿವಾರ ಬೆಳಗ್ಗೆಯೇ ಕುಯ್ಯಿಸಿ. ಕುಯ್ದ ಕೆಲವು ಗಂಟೆಯಲ್ಲಿ ಮಾಂಸ ಸೆಟೆದುಕೊಳ್ಳುತ್ತದೆ. ಆಗಲೇ ಒಲೆಗೆ ಏರಿಸಿದರೆ ರಬ್ಬರ್. ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿ ಮುಚ್ಚಿ ಒಂದು ರಾತ್ರಿ ಇಟ್ಟರೆ ಸಡಿಲವಾಗುತ್ತದೆ. ನಾರಾಗುವುದಕ್ಕೆ ಅರ್ಧ ಕಾರಣ ಈ ಆತುರವೇ.

ಇನ್ನೊಂದು ಮಾತು, ದಯವಿಟ್ಟು ಕಡೆಗಣಿಸಬೇಡಿ. ‘ಕಾಡು ಮೊಲ ಇದೆ, ರುಚಿ ಜಾಸ್ತಿ’ ಎಂದು ಯಾರಾದರೂ ತಂದುಕೊಟ್ಟರೆ ಬೇಡ ಎನ್ನಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಬೇಟೆಯಾಡುವುದೂ ಮಾಂಸ ಇಟ್ಟುಕೊಳ್ಳುವುದೂ ಅಪರಾಧ. ಸಾಕು ಮೊಲದ ಮಾಂಸ ಕೋಳಿಯಂತೆ ನಸುಗೆಂಪು, ಕಾಡು ಮೊಲದ್ದು ಕಡುಗೆಂಪು. ನೋಡಿದರೇ ಗೊತ್ತಾಗುತ್ತದೆ.

ಮಂಡ್ಯ ಕಡೆಯಿಂದ

ಮಚ್ಚಿನಲ್ಲಿ ಕೊಚ್ಚಿಸಬೇಡಿ. ಮೊಲದ ಮೂಳೆ ತೆಳು, ಸೂಜಿಯಂತೆ ಸೀಳಿ ಸಾರಿಗೆ ಬೀಳುತ್ತದೆ, ಮಕ್ಕಳ ಗಂಟಲಿಗೆ ಅಪಾಯ. ಕೀಲಿನಲ್ಲೇ ಬಿಡಿಸಬೇಕು. ಮುಂಗಾಲಿಗೆ ಮೈಮೂಳೆಯ ಜೊತೆ ಕೀಲೇ ಇಲ್ಲ. ಕಾಲನ್ನು ಎತ್ತಿ ಹಿಡಿದು ಹೆಗಲ ಮೂಳೆಯ ಅಡಿ ಚಾಕು ಆಡಿಸಿದರೆ ಸಲೀಸಾಗಿ ಬರುತ್ತದೆ. ಹಿಂದಿನ ತೊಡೆಯನ್ನು ಹೊರಕ್ಕೆ ಬಗ್ಗಿಸಿ, ಗುಂಡು ಕೀಲು ಲೊಟಕ್ಕೆಂದ ಜಾಗದಲ್ಲಿ ಕತ್ತರಿಸಿ. ಬೆನ್ನಿನ ಮೇಲೆ ಬೆಳ್ಳಿಯಂತೆ ಹೊಳೆಯುವ ತೆಳು ಪೊರೆ ಇರುತ್ತದೆ. ಅದನ್ನು ಕೆರೆದು ತೆಗೆಯಲೇಬೇಕು, ಬಿಸಿಗೆ ಸುರುಟಿ ತುಂಡನ್ನೇ ಮುದುಡಿಸುತ್ತದೆ. ಅಂಟಿದ ಕೂದಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಎರಡು ಮೊಲದ ಮುಂಗಾಲು, ಪಕ್ಕೆ, ಕತ್ತು ಸಾರಿಗೆ. ತೊಡೆ, ಬೆನ್ನು ಡ್ರೈಗೆ. ಸಾರಿನ ಭಾಗ ಹೆಚ್ಚುಕಮ್ಮಿ ಒಂದು ಕೆ.ಜಿ. ಬರುತ್ತದೆ. ಅದಕ್ಕೆ 6 ಬ್ಯಾಡಗಿ, 4 ಗುಂಟೂರು ಮೆಣಸಿನಕಾಯಿ, 2 ಚಮಚ ಧನಿಯ, 1 ಚಮಚ ಗಸಗಸೆ, 4 ಲವಂಗ, ಒಂದಿಂಚು ಚಕ್ಕೆ ಹುರಿದು, ಒಂದು ಗೆಡ್ಡೆ ಬೆಳ್ಳುಳ್ಳಿ, ಒಂದಿಂಚು ಶುಂಠಿ, ಕಾಲು ಬಟ್ಟಲು ಕಾಯಿತುರಿ, ಒಂದು ಚಮಚ ಹುರಿಗಡಲೆ ಸೇರಿಸಿ ನುಣ್ಣಗೆ ರುಬ್ಬಿ. ಮೊಲದಲ್ಲಿ ಕೊಬ್ಬೇ ಇಲ್ಲವಾದ್ದರಿಂದ ಎಣ್ಣೆ ಧಾರಾಳ ಬೇಕು, ನಾಲ್ಕು ದೊಡ್ಡ ಚಮಚ. ಎರಡು ಈರುಳ್ಳಿ, ಅರಿಶಿನದ ಜೊತೆ ಮಾಂಸ ಹತ್ತು ನಿಮಿಷ ಬಾಡಿಸಿ, ಬಿಟ್ಟ ನೀರು ಇಂಗಿದ ಮೇಲೆ ಮಸಾಲೆ, ಒಂದೂಕಾಲು ಲೀಟರ್ ಬಿಸಿನೀರು. ನಡುಉರಿಯಲ್ಲಿ ಎರಡೇ ಕೂಗು. ಆವಿ ತಾನಾಗಿಯೇ ಇಳಿಯಲಿ. ವಿಷಲ್ ಎತ್ತಿ ಬಲವಂತವಾಗಿ ಇಳಿಸಿದರೆ ಒಳಗಿನ ನೀರು ದಿಢೀರನೆ ಕುದಿದು ಮಾಂಸದ ರಸ ಹೋಗುತ್ತದೆ.

ಕೋಲಾರ ಕಡೆಯಿಂದ

ಡ್ರೈಗೆ ಪರಂಗಿಕಾಯಿ ಹಚ್ಚಬೇಡಿ. ಕುರಿಗೆ ಸರಿ, ಮೊಲದ ತೆಳು ಮಾಂಸ ಮೇಲೆಲ್ಲ ಹಿಟ್ಟಾಗಿ ಒಳಗೆ ಹಾಗೇ ಇರುತ್ತದೆ. ಬದಲು ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಉಪ್ಪು ಕರಗಿಸಿ ಎರಡು ಗಂಟೆ ಫ್ರಿಜ್ಜಿನಲ್ಲಿ ಮುಳುಗಿಸಿಡಿ. ಮಾಂಸ ನೀರು ಹಿಡಿದುಕೊಳ್ಳುತ್ತದೆ. ಆಮೇಲೆ ಉಪ್ಪನ್ನು ಅಳೆದೇ ಹಾಕಿ.

ತೊಡೆ ಮತ್ತು ಬೆನ್ನನ್ನು ಒಟ್ಟಿಗೆ ಹಾಕುವುದೇ ಎಲ್ಲರೂ ಮಾಡುವ ತಪ್ಪು. ತೊಡೆ ದಿನವಿಡೀ ದುಡಿದ ಮಾಂಸ, ಅರ್ಧ ಬಟ್ಟಲು ನೀರು ಹಾಕಿ ಮುಚ್ಚಳ ಮುಚ್ಚಿದ ಬಾಣಲೆಯಲ್ಲಿ ಸಣ್ಣ ಉರಿಗೆ 35–40 ನಿಮಿಷ ಬೇಕು. ಬೆನ್ನಿನ ತುಂಡಿಗೆ ಕೊನೆಯ 12 ನಿಮಿಷ ಸಾಕು. ಎರಡೂ ಬೆಂದ ಮೇಲೆ ನೀರು ಇಂಗಿಸಿ, ಎರಡು ಚಮಚ ತುಪ್ಪ, ಕರಿಬೇವು, ಒರಟಾಗಿ ಕುಟ್ಟಿದ ಒಂದೂವರೆ ಚಮಚ ಕಾಳುಮೆಣಸು ಹಾಕಿ ಎರಡು ನಿಮಿಷ ಹೊರಳಿಸಿ ಇಳಿಸಿ. ಕೆಂಪಗಾಗಲಿ ಎಂದು ಕಾಯುತ್ತಾ ಕೂತರೆ ಅಷ್ಟರಲ್ಲಿ ಒಣಗಿ ಹೋಗುತ್ತದೆ.

ಮತ್ತೊಬ್ಬರು, ಮೈಸೂರಿನಿಂದ

ಮುಖ ಸಿಂಡರಿಸುವವರಿಗೆ ಮುಂಚೆಯೇ ಫೋನ್ ಮಾಡಿ ಹೇಳಿ, ಅವರಿಗೆ ಬೇರೆ ಒಂದು ಪಲ್ಯವೋ ಕೋಳಿಯೋ ಇರಲಿ. ಕೋಳಿ ಎಂದು ಬಡಿಸಿ ಆಮೇಲೆ ಹೇಳುವುದು ಮಾತ್ರ ಬೇಡವೇ ಬೇಡ. ಮನೆಯಲ್ಲಿ ಮೊಲ ಸಾಕಿದವರಿಗೆ, ಮುದ್ದುಮಾಡಿದ ಮಕ್ಕಳಿಗೆ ಅದು ನಿಜವಾದ ನೋವು. ಧರ್ಮದ ಲೆಕ್ಕವೂ ಇದೆ: ಸುನ್ನಿ ಮುಸ್ಲಿಮರಿಗೆ ಹಲಾಲ್ ಮಾಡಿದ ಮೊಲ ನಿಷಿದ್ಧವಲ್ಲ, ಶಿಯಾ ಪಂಥದವರು ತಿನ್ನುವುದಿಲ್ಲ. ಮೊಲದ ರಕ್ತ ತಲೆಗೆ ಹಚ್ಚಿದರೆ ಕೂದಲು ಬೆಳೆಯುತ್ತದೆ ಎಂದು ಯಾರಾದರೂ ರಕ್ತ ಕೇಳಿದರೆ ಕೊಡಬೇಡಿ, ಅದರಲ್ಲಿ ಸತ್ಯವಿಲ್ಲ.

ತುಮಕೂರಿನವರೇ ಮತ್ತೆ

ಲಿವರ್ ವಿಷಯ ಬಿಟ್ಟುಹೋಯಿತು. ನಯವಾಗಿ ಕಡುಗೆಂಪಿದ್ದರೆ ಮಾತ್ರ ಬಳಸಿ. ಅಕ್ಕಿಕಾಳಿನಷ್ಟು ಬಿಳಿ ಗಂಟುಗಳು ಕಂಡರೆ ಕಾಕ್ಸಿಡಿಯ ಎಂಬ ಪರಾವಲಂಬಿ ಜೀವಿಯಿಂದ ಬರುವ ರೋಗದ ಗುರುತಾಗಿರಬಹುದು. ಆ ಲಿವರ್ ಎಸೆದು, ಫಾರಂನವರಿಗೆ ತಿಳಿಸಿ. ಪಿತ್ತದ ಚೀಲವನ್ನು ಸುತ್ತಲ ಲಿವರ್ ಚೂರಿನ ಸಮೇತ ಕತ್ತರಿಸಿ ತೆಗೆಯಿರಿ. ಒಡೆದು ಸೋರಿದರೆ ಆ ಜಾಗ ತಕ್ಷಣ ತೊಳೆದು, ಹಸಿರು ಹಿಡಿದ ಭಾಗ ಕತ್ತರಿಸಿ ಬಿಸಾಡಿ, ಇಲ್ಲದಿದ್ದರೆ ಪಾತ್ರೆಯೆಲ್ಲ ಕಹಿ. ಒಳ್ಳೆಯ ಲಿವರನ್ನು ಡ್ರೈಗೆ ಕೊನೆಯ ಐದು ನಿಮಿಷ ಇರುವಾಗ ಸಣ್ಣ ತುಂಡು ಮಾಡಿ ಹಾಕಿ, ನಡುವೆ ಹಸಿ ಉಳಿಯದಂತೆ ಬೇಯಿಸಿ.